ಒಪ್ಪಿಗೆ ಕೊಡದ ಕೋಳಿಗಳು

ಹೊಸಕೆರೆಹಳ್ಳಿಯ ಮುನಿಲಕ್ಷ್ಮಮ್ಮನಿಗೆ ಮೂರು ಅಂತಸ್ತಿನ ಮನೆ, ಆರು ಬಾಡಿಗೆ ಸಂಸಾರ, ಒಬ್ಬ ಗಂಡ, ಹದಿನೇಳು ಕೋಳಿ. ಇಷ್ಟರಲ್ಲಿ ಯಾವುದರ ಮೇಲೆ ಪ್ರೀತಿ ಜಾಸ್ತಿ ಎಂದು ಯಾರೂ ಕೇಳಬಾರದು, ಕೇಳಿದರೆ ಆಕೆ ನಿಜ ಹೇಳಿಬಿಡುತ್ತಾಳೆ. ಮನೆ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದರು. ಹೊಲ ಸೈಟಾಯಿತು, ಸೈಟು ಕಟ್ಟಡವಾಯಿತು, ಕೋಳಿಗಳನ್ನು ಮಾತ್ರ ಆಕೆ ಬಿಡಲಿಲ್ಲ. ಕಟ್ಟಡ ಒಂದೊಂದೇ ಅಂತಸ್ತು ಏರಿದಂತೆ ಅವೂ ಏರಿಕೊಂಡು ಬಂದು, ಈಗ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಸಂಸಾರ ಹೂಡಿದ್ದವು. ಒಂಬತ್ತು ಹೇಂಟೆ, ಏಳು ಎಳೆಯವು, ಒಂದು ಹುಂಜ. ಹುಂಜಕ್ಕೆ ಬಾಡಿಗೆಯವರು ಕಾರ್ಪೊರೇಟರ್ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಎದೆ ಉಬ್ಬಿಸಿಕೊಂಡು ಒಂದು ಸುತ್ತು ಹಾಕಿ, ನಾಲ್ಕು ಸಲ ಕೂಗಿ, ಆಮೇಲೆ ದಿನವೆಲ್ಲ ಯಾರ ಕೈಗೂ ಸಿಗುತ್ತಿರಲಿಲ್ಲ.

ಈ ಸುಖ ಸಂಸಾರಕ್ಕೆ ಈಗ ಗಂಡಾಂತರ ಬಂದಿತ್ತು. ಎರಡು ಕ್ರಾಸ್ ಆಚೆಯ ಮನೆಯೊಂದರಲ್ಲಿ ಕೊಕ್ಕರೆ ರೋಗ ಕಾಲಿಟ್ಟು, ಮೂರೇ ದಿನದಲ್ಲಿ ಒಂಬತ್ತು ಕೋಳಿ ಕುತ್ತಿಗೆ ತಿರುಚಿಕೊಂಡು ಸತ್ತಿದ್ದವು. ಸುದ್ದಿ ಕೇಳಿದ ದಿನದಿಂದ ಮುನಿಲಕ್ಷ್ಮಮ್ಮನ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಆಕೆಗೆ ಆ ರೋಗದ ಮುಖ ಪರಿಚಯವಿತ್ತು. ಹೋದ ವರ್ಷ ಇದೇ ತಾರಸಿಯಲ್ಲಿ ಇಪ್ಪತ್ತೆರಡು ಕೋಳಿ ಇದ್ದವು, ಭಾನುವಾರ ಸಾಯಲು ಶುರುವಾಗಿ ಬುಧವಾರದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಎರಡು ಹೇಂಟೆ ಕೊಂಡುತಂದು, ಒಂದು ವರ್ಷ ಕಾವು ಕೂರಿಸಿ, ಮರಿ ಎಬ್ಬಿಸಿ, ಕಾಗೆ ಹದ್ದು ಓಡಿಸಿ, ಮತ್ತೆ ಹದಿನೇಳಕ್ಕೆ ತಂದು ನಿಲ್ಲಿಸಿದ್ದಳು. ಇವೂ ಹೋದರೆ ಇನ್ನೊಂದು ಸಲ ಮೊದಲಿನಿಂದ ಶುರು ಮಾಡುವ ತಾಕತ್ತು ತನಗಿಲ್ಲ ಎಂದು ಆಕೆಗೆ ಗೊತ್ತಿತ್ತು.

ಲಸಿಕೆ ಹಾಕಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಹಾಕಿಸಬಹುದಿತ್ತು, ಅಡ್ಡಕ್ಕೆ ಗಂಡ ಬೈರಣ್ಣ ನಿಂತಿದ್ದ. ಹೋದ ವರ್ಷ ಕೋಳಿಗಳಿಗೆ ಲಸಿಕೆ ಬಿದ್ದದ್ದು ಶುಕ್ರವಾರ, ಸಾಯಲು ಶುರುವಾದದ್ದು ಭಾನುವಾರ. ಇಷ್ಟು ಸಾಕಾಯಿತು ಅವನಿಗೆ. ಲಸಿಕೆಯೇ ಕೋಳಿ ಕೊಂದದ್ದು ಎಂದು ಅವತ್ತು ತೀರ್ಮಾನ ಮಾಡಿ, ಕೆರೆ ಏರಿಯ ಮೇಲೆ, ಟೀ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಬೀದಿಯಲ್ಲಿ ಕೋಳಿ ಸಾಕುವ ಮನೆಗಳು ಇನ್ನೂ ಆರು. ಆರೂ ಮನೆಯವರು ಅವನ ಮಾತು ನಂಬಿ, ಪಶು ಆಸ್ಪತ್ರೆಯವರು ಬಂದರೆ ಗೇಟು ತೆಗೆಯುವುದನ್ನೇ ಬಿಟ್ಟಿದ್ದರು.

ನಿಜ ಏನೆಂದು ಗೊತ್ತಿದ್ದದ್ದು ಮುನಿಲಕ್ಷ್ಮಮ್ಮ ಒಬ್ಬಳಿಗೇ. ಲಸಿಕೆ ಬೀಳುವ ಎರಡು ದಿನ ಮೊದಲು, ಬುಧವಾರ ಬೆಳಿಗ್ಗೆ, ಚುಕ್ಕೆ ಹೇಂಟೆ ಟ್ಯಾಂಕಿನ ಮೂಲೆಯಲ್ಲಿ ಕುತ್ತಿಗೆ ಒಳಗೆಳೆದುಕೊಂಡು ನಿಂತಿದ್ದನ್ನು ಆಕೆ ನೋಡಿದ್ದಳು. ಹಿಂದೆ ಹಸಿರು ಹಿಕ್ಕೆ ಬಿದ್ದಿತ್ತು, ಕಾಯಿಲೆಯ ಗುರುತು. ಗಂಡನಿಗೆ ಹೇಳಿದರೆ ಕೋಳಿಯ ಪಕ್ಕ ಮಣೆ ಹಾಕಿಕೊಂಡು ಕೂತುಬಿಡುವ ಆಸಾಮಿ. ಮರುದಿನವೇ ವಸಂತಪುರದಲ್ಲಿ ತಂಗಿ ಕಮಲಾದೇವಿಯ ಮನೆಯ ಗೃಹಪ್ರವೇಶ, ಅದಕ್ಕೆಂದು ತಂದ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ಇಸ್ತ್ರಿಯಾಗಿ ಕೂತಿತ್ತು. ಮುನಿಲಕ್ಷ್ಮಮ್ಮ ಒಂದು ಬಕೆಟ್ ನೀರು ಸುರಿದು ಹಿಕ್ಕೆ ತೊಳೆದಳು, ಬಾಯಿ ಮುಚ್ಚಿಕೊಂಡು ಸೀರೆ ಉಟ್ಟಳು. ಶುಕ್ರವಾರ ಬಂದ ಡಾಕ್ಟರು ಎಲ್ಲಾ ಕೋಳಿ ಆರೋಗ್ಯವಾಗಿವೆಯೇ ಎಂದು ಕೇಳಿದಾಗಲೂ, ಹೂಂ ಎಲ್ಲಾ ಚೆನ್ನಾಗವೆ ಎಂದಿದ್ದಳು. ಆಮೇಲೆ ವರ್ಷವಿಡೀ ಬೈರಣ್ಣ ಲಸಿಕೆಯನ್ನು ಬೈಯಲು ಕೂತಾಗಲೆಲ್ಲ ಆಕೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಆಕೆಗೆ ನಾಚಿಕೆಯಾಗುತ್ತಿತ್ತು, ಆದರೆ ಆಪಾದನೆ ಲಸಿಕೆಯ ಮೇಲಿದೆಯಲ್ಲ, ಅದಕ್ಕೇನು ಬಾಯಿದೆಯೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಈಗ ಬೇರೆ ದಾರಿಯಿರಲಿಲ್ಲ. ಗಂಡನಿಗೆ ಗೊತ್ತಾಗದ ಹಾಗೆ ಕೆಲಸ ಮುಗಿಸಬೇಕಿತ್ತು. ಮೊದಲನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಲಿಖಿತಾ ಪಶುವೈದ್ಯೆ. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು, ಕೇಳಿದ್ದಕ್ಕೆಲ್ಲ ಪಾಠದ ಪುಸ್ತಕದಷ್ಟು ಉತ್ತರ ಕೊಡುವ ಹುಡುಗಿ. ಮುನಿಲಕ್ಷ್ಮಮ್ಮ ಅವಳಿಗೆ ಅಕ್ಕಿರೊಟ್ಟಿ ಕೊಟ್ಟು ವಿಷಯ ಎತ್ತಿದಳು. ಇದು ಸೂಜಿಯಲ್ಲ, ಕಣ್ಣಿಗೆ ಒಂದು ಹನಿ ಅಷ್ಟೇ ಎಂದಳು ಲಿಖಿತಾ. ಒಂದೆರಡು ದಿನ ಕೋಳಿ ಸೀನಬಹುದು, ಬೇರೆ ತೊಂದರೆಯಿಲ್ಲ. ರಕ್ಷಣೆ ಬರಲು ಎರಡು ವಾರ ಬೇಕು, ಆಮೇಲೆ ಮತ್ತೆ ಹಾಕಿಸುತ್ತಿರಬೇಕು, ನೂರಕ್ಕೆ ನೂರು ಎಂದು ಯಾರೂ ಬರೆದುಕೊಡುವುದಿಲ್ಲ, ಆದರೆ ಹಾಕಿಸದಿದ್ದರೆ ಏನಾಗುತ್ತದೆಂದು ನೀವೇ ನೋಡಿದ್ದೀರಲ್ಲ ಎಂದಳು. ಮುಖ್ಯವಾದ ಮಾತು ಒಂದಿತ್ತು. ಒಂದು ಬಾಟಲಿಯಲ್ಲಿ ನೂರು ಕೋಳಿಗೆ ಆಗುವಷ್ಟು ಮದ್ದು ಇರುತ್ತದೆ, ಒಮ್ಮೆ ಕಲಸಿದರೆ ಎರಡೇ ಗಂಟೆ, ಆಮೇಲೆ ಅದು ಬರೀ ನೀರು. ಅದಕ್ಕೇ ಅಂಕಲ್ ಒಪ್ಪಿದ್ದಾರೆ ತಾನೇ ಎಂದು ಅವಳು ಎರಡೆರಡು ಸಲ ಕೇಳಿದಳು. ಮುನಿಲಕ್ಷ್ಮಮ್ಮ ಎರಡು ಸಲವೂ ಒಪ್ಪಿದ್ದಾರೆ ಎಂದಳು. ಸುಳ್ಳಿನಲ್ಲಿ ಆಕೆಯ ಕೈ ಪಳಗಿತ್ತು.

ಭಾನುವಾರ ಬೈರಣ್ಣ ವಾಕಿಂಗ್‌ಗೆ ಹೋದರೆ ಬರುವುದು ಹತ್ತು ಗಂಟೆಯ ಮೇಲೆ. ಕೆರೆಗೆ ಒಂದು ಸುತ್ತು, ಬಾಯಿಗೆ ಐದು ಸುತ್ತು. ಅವನ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ತಡ, ಲಿಖಿತಾ ಐಸ್ ತುಂಬಿದ ಫ್ಲಾಸ್ಕ್ ಹಿಡಿದು ತಾರಸಿಗೆ ಬಂದಳು. ಎಂಟೂ ಹತ್ತಕ್ಕೆ ಮದ್ದು ಕಲಸಿದಳು. ಎಂಟೂ ಹನ್ನೆರಡಕ್ಕೆ ಬೈರಣ್ಣ ಕಿತ್ತುಹೋದ ಚಪ್ಪಲಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ತಾರಸಿಯ ಬಾಗಿಲಲ್ಲಿ ನಿಂತಿದ್ದ.

ಅವನು ಕೂಗಾಡಿದ್ದರೆ ಮುನಿಲಕ್ಷ್ಮಮ್ಮ ಡಬಲ್ ಕೂಗಾಡಿ ಗೆಲ್ಲುತ್ತಿದ್ದಳು, ಮೂವತ್ತೊಂಬತ್ತು ವರ್ಷದ ಅನುಭವ ಅದು. ಆದರೆ ಬೈರಣ್ಣ ಕೂಗಾಡಲಿಲ್ಲ. ಫ್ಲಾಸ್ಕನ್ನು ನೋಡಿದ, ಲಿಖಿತಾಳನ್ನು ನೋಡಿದ, ಬಿದಿರಿನ ಮಕ್ಕರಿ ಕೆಳಗೆ ಮುಚ್ಚಿಟ್ಟ ಕೋಳಿಗಳನ್ನು ನೋಡಿದ. ಆಮೇಲೆ ಮೆತ್ತಗೆ, ತನ್ನದೊಂದು ಷರತ್ತು ಇದೆ ಎಂದ. ಮಾರಮ್ಮನ ಗುಡಿಯ ಮುಂದೆ ಹರಕೆಯ ಕೋಳಿಗೆ ಅರಿಶಿನದ ನೀರು ಚಿಮುಕಿಸುತ್ತಾರೆ. ಅದು ಮೈ ಕೊಡವಿದರೆ ಒಪ್ಪಿದಂತೆ, ಕೊಡವದಿದ್ದರೆ ಯಾರೂ ಮುಟ್ಟುವ ಹಾಗಿಲ್ಲ. ಅವರಪ್ಪ ಒಮ್ಮೆ ಒಂದು ಹುಂಜದ ಮುಂದೆ ಮಧ್ಯಾಹ್ನದವರೆಗೂ ಕೈಮುಗಿದು ನಿಂತು, ಕೊನೆಗೆ ಅದನ್ನು ಬಗಲಲ್ಲಿಟ್ಟುಕೊಂಡು ವಾಪಸ್ ಬಂದಿದ್ದರಂತೆ.

"ಹೋದ್ ವರ್ಷ ಅವುನ್ನ ಕೇಳ್ದೇ ಹಾಕುಸ್ದೆ," ಎಂದ ಬೈರಣ್ಣ. "ಈ ಸಲ ಕೇಳಿ ಹಾಕಿ. ಕೊಡವಿದ್ಕೆ ಹಾಕಿ, ಕೊಡವದೇ ಇರೋದನ್ನ ಬಿಟ್ಬಿಡಿ."

ಇಷ್ಟೇನಾ ಎಂದುಕೊಂಡಳು ಮುನಿಲಕ್ಷ್ಮಮ್ಮ. ನೀರು ಬಿದ್ದರೆ ಯಾವ ಕೋಳಿ ತಾನೇ ಮೈ ಕೊಡವುವುದಿಲ್ಲ ಹೇಳಿ. ಓಡಿಹೋಗಿ ಚೊಂಬಿಗೆ ಅರಿಶಿನ ಕಲಸಿ, ಬೇವಿನ ಸೊಪ್ಪು ಅದ್ದಿ ತಂದಳು.

ಮಕ್ಕರಿ ಎತ್ತಿ ಮೊದಲನೇ ಹೇಂಟೆಗೆ ಚಿಮುಕಿಸಿದಳು. ಅದು ಕೊಕ್ಕಿನ ಮೇಲೆ ಇಳಿದ ಹನಿಯನ್ನು ಚಪ್ಪರಿಸಿ, ಇನ್ನಷ್ಟು ಬರಲಿ ಎಂದು ಕತ್ತೆತ್ತಿ ನಿಂತಿತು. ಎರಡನೆಯದು ಕಣ್ಣು ಮುಚ್ಚಿ ನಿದ್ದೆಗೆ ಬಿತ್ತು. ಮೂರನೆಯದು ಬೈರಣ್ಣನನ್ನೇ ದಿಟ್ಟಿಸಿ ನೋಡಿತು, ಅವನೂ ಅದನ್ನು ದಿಟ್ಟಿಸಿದ, ಇಬ್ಬರೂ ಕದಲಲಿಲ್ಲ. ನಾಲ್ಕನೆಯದು ಮೊಟ್ಟೆ ಇಟ್ಟಿತು. ಮೊಟ್ಟೆ ಇಟ್ಟರೆ ಒಪ್ಪಿದ ಹಾಗೇ ಅಲ್ಲವೇ ಎಂದು ಮುನಿಲಕ್ಷ್ಮಮ್ಮ ವಾದ ಹೂಡಿದಳು, ಬೈರಣ್ಣ ಅದು ಅದರ ಸ್ವಂತ ವಿಷಯ ಎಂದ. ನಿನ್ನೆಯವರೆಗೂ ಕಾರಣವಿಲ್ಲದೆ ದಿನಕ್ಕೆ ಇಪ್ಪತ್ತು ಸಲ ಮೈ ಕೊಡವಿ ತಾರಸಿಯೆಲ್ಲ ಧೂಳು ಮಾಡುತ್ತಿದ್ದ ದರಿದ್ರ ಕೋಳಿಗಳು ಇವತ್ತು ಗ್ರೂಪ್ ಫೋಟೋಗೆ ನಿಂತವರ ಹಾಗೆ ನಿಂತಿದ್ದವು.

ಎಂಟೂ ನಲವತ್ತಾಯಿತು. ಲಿಖಿತಾ ಗಡಿಯಾರ ನೋಡಿಕೊಂಡು, ಒಂದೂವರೆ ಗಂಟೆ ಇದೆ ಆಂಟಿ ಎಂದಳು. ಮುನಿಲಕ್ಷ್ಮಮ್ಮ ತಣ್ಣೀರು ಬಿಟ್ಟು ಉಗುರುಬೆಚ್ಚನೆಯ ನೀರು ತಂದಳು, ಆಮೇಲೆ ಐಸಿನ ನೀರು. ಬೇವಿನ ಸೊಪ್ಪಿನಿಂದ ಕಿವಿಯ ಹತ್ತಿರ ಕಚಗುಳಿ ಇಟ್ಟಳು. ತಾನೇ ಕುಕ್ಕರುಗಾಲಲ್ಲಿ ಕೂತು, ಹೀಗೆ ಮಾಡೇ ತಾಯಿ ಎಂದು ತಲೆ ಮೈಯೆಲ್ಲ ಕೊಡವಿ ತೋರಿಸಿದಳು. ತುರುಬು ಬಿಚ್ಚಿಹೋಯಿತು. ಕೋಳಿಗಳು ಆಸಕ್ತಿಯಿಂದ ನೋಡಿದವು.

ಗದ್ದಲ ಕೇಳಿ ಎರಡನೇ ಮಹಡಿಯ ನರೇಂದ್ರ ಹತ್ತಿ ಬಂದ. ಮನೆಯಿಂದಲೇ ಆಫೀಸು ಕೆಲಸ ಮಾಡುವವನು, ಕಾರ್ಪೊರೇಟರ್ ಕೂಗಿದಾಗಲೆಲ್ಲ ಮೀಟಿಂಗ್‌ನಲ್ಲಿ ಕ್ಷಮೆ ಕೇಳಿ ಕೇಳಿ ಸೊರಗಿದವನು. ವಿಷಯ ತಿಳಿದದ್ದೇ ಕೆಳಗೋಡಿ ಕೂದಲು ಒಣಗಿಸುವ ಮಷೀನು ತಂದ. ಗಾಳಿ ಬಿಟ್ಟರೆ ಗ್ಯಾರಂಟಿ ಒದರುತ್ತದೆ ಎಂದ. ಕೆಂಪು ಹೇಂಟೆಯ ಮುಂದೆ ಹಿಡಿದು ಸ್ವಿಚ್ ಒತ್ತಿದರೆ, ಅದು ಎರಡೂ ರೆಕ್ಕೆ ಅಗಲಿಸಿ, ಎದೆ ಕೊಟ್ಟು, ಅರೆಗಣ್ಣಾಗಿ ಅನುಭವಿಸತೊಡಗಿತು. ಉಳಿದವೂ ಒಂದೊಂದಾಗಿ ಬಂದು ಗಾಳಿಗೆ ಸಾಲಾಗಿ ನಿಂತವು. ಮುನಿಲಕ್ಷ್ಮಮ್ಮನಿಗೆ ಅಳು ಬರುವಂತಾಯಿತು. ಪ್ರಾಣ ಉಳಿಸುತ್ತೀನಿ ಎಂದರೆ ಬ್ಯೂಟಿ ಪಾರ್ಲರ್‌ಗೆ ಬಂದವರ ಹಾಗೆ ಆಡುತ್ತವಲ್ಲ ಎಂದು ಹೊಟ್ಟೆ ಉರಿಯಿತು.

ಒಂಬತ್ತು ಗಂಟೆ ಹತ್ತಕ್ಕೆ, ಸರಿಯಾಗಿ ಒಂದು ಗಂಟೆಯ ಮೇಲೆ, ಎಳೆಯ ಕೋಳಿಯೊಂದು ಏನನ್ನಿಸಿತೋ ಏನೋ, ಬಾಲದಿಂದ ಕೊಕ್ಕಿನವರೆಗೂ ಮೈ ಕೊಡವಿತು. ಬೈರಣ್ಣ ಮಾತಿಗೆ ತಪ್ಪಲಿಲ್ಲ, ಹಾಕಮ್ಮ ಎಂದ. ಲಿಖಿತಾ ಅದನ್ನು ತಾನೇ ಒಂದು ಕೈಯಲ್ಲಿ ಹಿಡಿದು ಕಣ್ಣಿಗೆ ಒಂದು ಹನಿ ಬಿಟ್ಟಳು. ಹನಿ ಬಿದ್ದದ್ದೇ ಕೋಳಿ ಪಟಪಟ ತಲೆ ಒದರಿತು. ಮುನಿಲಕ್ಷ್ಮಮ್ಮನಿಗೆ ಇದ್ದಕ್ಕಿದ್ದಂತೆ ದಾರಿ ಹೊಳೆಯಿತು. ಹನಿ ಹಾಕಿದರೆ ಎಲ್ಲವೂ ಒದರುತ್ತವೆ, ಮೊದಲು ಹಾಕಿಬಿಡೋಣ, ಒಪ್ಪಿಗೆ ತಾನಾಗಿ ಬರುತ್ತದೆ ಎಂದಳು. ಬೈರಣ್ಣ, ತಾಳಿ ಕಟ್ಟಿದ ಮೇಲೆ ಹೆಣ್ಣು ಕೇಳಲು ಹೋಗುತ್ತಾರಾ ಎಂದು ಕೇಳಿದ. ಇನ್ನು ಹದಿನಾರು ಕೋಳಿ, ಒಂದು ಗಂಟೆ.

ಲಿಖಿತಾಳಿಗೆ ತಡೆಯಲಾಗಲಿಲ್ಲ. ಅಂಕಲ್, ಲಸಿಕೆ ಹಾಕಿದ ಎರಡೇ ದಿನಕ್ಕೆ ಕುತ್ತಿಗೆ ತಿರುಚಿ ಸಾಯಬೇಕಾದರೆ ರೋಗ ಅದಕ್ಕೂ ಮೊದಲೇ ಒಳಗೆ ಸೇರಿರುತ್ತದೆ ಎಂದು ಬಿಡಿಸಿ ಹೇಳಿದಳು. ಆರೋಗ್ಯವಾಗಿದ್ದ ಕೋಳಿಯನ್ನು ಲಸಿಕೆ ಹಾಗೆ ಕೊಲ್ಲುವುದಿಲ್ಲ. ಕಾಯಿಲೆ ಹತ್ತಿದ ಮೇಲೆ ಹಾಕಿದರೆ ಅದು ಉಳಿಸುವುದೂ ಇಲ್ಲ. ಅದಕ್ಕೇ ನಾವು ಎಲ್ಲಾ ಕೋಳಿ ಚೆನ್ನಾಗಿವೆಯಾ ಎಂದು ಮೊದಲು ಕೇಳುವುದು ಎಂದಳು.

"ಕೇಳುದ್ರಮ್ಮ, ಆ ಡಾಕ್ಟ್ರೂ ಕೇಳುದ್ರು," ಎಂದ ಬೈರಣ್ಣ. ಅವನ ದನಿ ಸಣ್ಣಗಾಗಿತ್ತು. "ಚೆನ್ನಾಗಿದ್ವು. ಇಪ್ಪತ್ತೆರಡೂ ಚೆನ್ನಾಗಿದ್ವು. ಒಂದೊಂದನ್ನೂ ನಾನೇ ಈ ಕೈಯಲ್ಲಿ ಹಿಡ್ಕೊಟ್ಟೆ. ಹೆದರ್ಕೊಂಡು ನನ್ ಎದೆಗೇ ಮುಖ ತೂರುಸ್ತಿದ್ವು ಕಣಮ್ಮ. ನಾಲ್ಕ್ ದಿನದಲ್ಲಿ ಅದೇ ಕೈಯಲ್ಲಿ ಮಣ್ಣು ಮಾಡ್ದೆ. ಅದುಕ್ಕೇ ಅವತ್ತಿಂದ ಕೋಳಿ ಹಿಡಿಯಾಕೇ ಆಗಲ್ಲ ನಂಗೆ."

ಮುನಿಲಕ್ಷ್ಮಮ್ಮನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಒಂದು ವರ್ಷದಿಂದ ಕಾಳು ಹಾಕುವುದು, ಗೂಡಿಗೆ ಸೇರಿಸುವುದು, ಎಲ್ಲ ತನ್ನ ತಲೆಗೇ ಬಿದ್ದಿತ್ತು. ಗಂಡಸು ಸೋಮಾರಿಯಾದ ಎಂದು ಬೈದುಕೊಂಡು ಮಾಡಿದ್ದಳು. ಅವನು ಲಸಿಕೆಯ ಮೇಲೆ ಸಿಟ್ಟಾಗಿದ್ದಾನೆ ಎಂದಷ್ಟೇ ತಿಳಿದಿದ್ದಳು. ತನ್ನ ಮೇಲೆ ತಾನೇ ಸಿಟ್ಟಾಗಿದ್ದಾನೆ ಎಂದು ಗೊತ್ತೇ ಇರಲಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕೋಳಿ ಹೋಗುತ್ತವೆ, ಈ ಮನುಷ್ಯನೂ ಹೀಗೇ ಇರುತ್ತಾನೆ. ಚೊಂಬು ಕೆಳಗಿಟ್ಟಳು.

"ಏನ್ರೀ, ಅವು ಚೆನ್ನಾಗಿರ್ಲಿಲ್ಲ," ಎಂದಳು. "ಬುಧವಾರಾನೇ ಚುಕ್ಕೆ ಹೇಂಟೆ ಹಸ್ರು ಹಿಕ್ಕೆ ಹಾಕಿತ್ತು. ನಾನ್ ನೋಡ್ದೆ. ನೀರ್ ಹಾಕಿ ತೊಳ್ದ್‌ಬಿಟ್ಟೆ. ಹೇಳಿದ್ರೆ ನೀವು ಗೃಹಪ್ರವೇಶಕ್ಕೆ ಬರ್ತಿರ್ಲಿಲ್ಲ, ನನ್ನೂ ಕಳುಸ್ತಿರ್ಲಿಲ್ಲ. ಡಾಕ್ಟ್ರಿಗೂ ಸುಳ್ಳ್ ಹೇಳ್ದೆ."

ನರೇಂದ್ರ ಮಷೀನು ಆಫ್ ಮಾಡಿದ. ಕೆಂಪು ಹೇಂಟೆ ಬೇಸರದಿಂದ ರೆಕ್ಕೆ ಮಡಿಚಿತು.

"ಆ ಬದ್ನೇಕಾಯ್ ಬಣ್ಣದ ಸೀರೆಗಾ?" ಎಂದು ಕೇಳಿದ ಬೈರಣ್ಣ.

"ಹೂಂ."

ಅವನು ಕೈಯಲ್ಲಿದ್ದ ಚಪ್ಪಲಿಯನ್ನು ಎತ್ತಿದಾಗ ಲಿಖಿತಾ ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬಂದಳು, ಆದರೆ ಅವನು ಅದನ್ನು ಗೋಡೆ ಪಕ್ಕ ಜೋಪಾನವಾಗಿ ಇಟ್ಟ. ಪಂಚೆ ಎತ್ತಿ ಕಟ್ಟಿದ. ಯಾರ ಕೈಗೂ ಸಿಗದ ಕಾರ್ಪೊರೇಟರನ್ನು ಟ್ಯಾಂಕಿನ ಸುತ್ತ ಎರಡು ಸುತ್ತು ಓಡಿಸಿ, ಹಿಡಿದು, ಎದೆಗೆ ಒತ್ತಿಕೊಂಡು ಬಂದ.

"ಹಾಕಮ್ಮ," ಎಂದ.

ಮಿಕ್ಕವಕ್ಕೆಲ್ಲ ಹನಿ ಬೀಳಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಬೈರಣ್ಣ ಹಿಡಿದ, ಲಿಖಿತಾ ಹಾಕಿದಳು, ನರೇಂದ್ರ ಎಣಿಸಿದ, ಕೋಳಿಗಳು ಸರದಿಯ ಪ್ರಕಾರ ತಲೆ ಒದರಿ ಎಲ್ಲರ ಮೈಗೂ ಅರಿಶಿನದ ನೀರು ಎರಚಿದವು. ಮುನಿಲಕ್ಷ್ಮಮ್ಮ ಮೂಲೆಯಲ್ಲಿ ನಿಂತು ಮೂಗು ಸೀಟಿಕೊಳ್ಳುತ್ತಿದ್ದಳು. ಗಂಡ ಬೈಯುತ್ತಾನೆ ಎಂದು ಕಾದಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯದೆ, ಬಾಟಲಿಯಲ್ಲಿ ಇನ್ನೆಷ್ಟಿದೆ ಎಂದು ಲಿಖಿತಾಳನ್ನು ಕೇಳಿದ. ಎಂಬತ್ತಮೂರು ಕೋಳಿಗೆ ಆಗುತ್ತದೆ, ಮೂವತ್ತೈದು ನಿಮಿಷ ಇದೆ, ಆಮೇಲೆ ಎಸೆಯುವುದೇ ಎಂದಳು.

ಬೈರಣ್ಣ ಹೆಂಡತಿಯ ಕಡೆ ತಿರುಗಿ, ನಡಿ ಎಂದ. ಎಲ್ಲಿಗೆ ಎಂದು ಆಕೆ ಕೇಳಲಿಲ್ಲ. ಆರು ಮನೆ. ಆರು ಮನೆಯವರ ತಲೆ ಕೆಡಿಸಿದ್ದು ಅವನ ಬಾಯಿ, ಅದಕ್ಕೆ ಅವಕಾಶ ಕೊಟ್ಟದ್ದು ಈಕೆಯ ಬಾಯಿ. ಬಿಚ್ಚಿದ ತುರುಬನ್ನು ಹಾಗೇ ಸುತ್ತಿಕೊಂಡು ಮೆಟ್ಟಿಲಿಳಿದಳು. ಒಂದು ಮನೆಯ ಕೊಳೆ ಇನ್ನೊಂದು ಮನೆಗೆ ಹೋಗಬಾರದು, ಗೇಟಿನಲ್ಲಿ ಕೈಕಾಲು ಸೋಪು ಹಾಕಿ ತೊಳೆದೇ ಒಳಗೆ ಕಾಲಿಡಬೇಕು ಎಂದು ಲಿಖಿತಾ ತಾಕೀತು ಮಾಡಿದಳು. ನರೇಂದ್ರ ಬಕೆಟ್ಟು ಹೊತ್ತ.

ಮೊದಲನೆಯದು ಪಾಪಯ್ಯನ ಮನೆ. ಗೇಟಿಗೆ ಬಂದವಳು ಅವನ ಹೆಂಡತಿ ಈಶ್ವರಮ್ಮ. ಅವಳು ಹನ್ನೆರಡು ಕೋಳಿ ಸಾಕಿದ್ದಾಳೆ, ಬೈರಣ್ಣನ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದಾಳೆ. ಮುನಿಲಕ್ಷ್ಮಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡನೇ ಶುರು ಮಾಡಿದ.

"ಹೋದ್ ವರ್ಷ ನಮ್ ಕೋಳಿ ಸತ್ತಿದ್ದು ಲಸಿಕೆಯಿಂದ ಅಲ್ಲ ಕಣಮ್ಮ. ಮೊದ್ಲೇ ಕಾಯ್ಲೆ ಇತ್ತು. ನಾನ್ ಸರಿಯಾಗ್ ನೋಡ್ಲಿಲ್ಲ. ನಂದೇ ತಪ್ಪು."

ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಕಷ್ಟಪಟ್ಟು ಬಾಯಿಬಿಟ್ಟು ಹೇಳಿದ ನಿಜವನ್ನು ಈ ಮನುಷ್ಯ ಅರ್ಧ ಗಂಟೆಯಲ್ಲಿ ಮತ್ತೆ ಸುಳ್ಳು ಮಾಡುತ್ತಿದ್ದಾನಲ್ಲ. ಗಂಡನನ್ನು ಪಕ್ಕಕ್ಕೆ ತಳ್ಳಿ, ಇವರು ಸುಳ್ಳು ಹೇಳುತ್ತಿದ್ದಾರೆ, ನೋಡಿದ್ದು ನಾನು, ಮುಚ್ಚಿಟ್ಟಿದ್ದು ನಾನು ಎಂದಳು. ಬೈರಣ್ಣ, ಮನೆ ಯಜಮಾನ ನಾನು, ನೋಡಬೇಕಾದ್ದು ನನ್ನ ಕೆಲಸ ಎಂದ. ಆಕೆ, ಹಿಕ್ಕೆ ತೊಳೆದದ್ದು ಯಾರು ಎಂದಳು. ಅವನು, ತೊಳೆದರೇನಾಯಿತು, ನನಗೆ ಕಣ್ಣಿರಲಿಲ್ಲವಾ ಎಂದ. ಒಂದು ವರ್ಷ ಲಸಿಕೆಯ ತಲೆಗೆ ಕಟ್ಟಿದ್ದ ತಪ್ಪನ್ನು ಈಗ ಗಂಡ ಹೆಂಡತಿ ನಡುಬೀದಿಯಲ್ಲಿ ನಂದು ನಂದು ಎಂದು ಕಿತ್ತಾಡುತ್ತಿದ್ದರು. ಎದುರು ಮನೆಯವರು ಬಾಲ್ಕನಿಗೆ ಬಂದರು. ಲಿಖಿತಾ ಇಪ್ಪತ್ತೆಂಟು ನಿಮಿಷ ಎಂದಳು, ಇಬ್ಬರಿಗೂ ಕೇಳಿಸಲಿಲ್ಲ.

ಈಶ್ವರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಗೇಟು ಪೂರ್ತಿ ತೆಗೆದಳು.

"ತಪ್ಪು ಯಾರ್ದಾದ್ರೂ ಆಗ್ಲಿ," ಎಂದಳು. "ಈಗ ನಮ್ ಕೋಳಿ ಹಿಡ್ಕೊಡೋರ್ ಯಾರು?"

ಬೈರಣ್ಣ ಬಕೆಟ್ಟಿನ ನೀರಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದ. ಮುನಿಲಕ್ಷ್ಮಮ್ಮ ಅವನ ಹಿಂದೆಯೇ ಹೋಗಿ, ಗೂಡಿನ ಬಾಗಿಲು ತೆಗೆದು, ಮೊದಲನೇ ಕೋಳಿಯನ್ನು ಅವನ ಕೈಗೆ ಕೊಡುವ ಮುಂಚೆ ಅದರ ಬಾಲ ಎತ್ತಿ ಚೆನ್ನಾಗಿ ನೋಡಿದಳು.